ಮಾವನವರ ಆರೈಕೆಗೆ ಹೊರಗಿನವರು ಬಂದರೆ ತಪ್ಪೇನು?

ಪ್ರಶ್ನೆ: ನಮ್ಮ ಮಾವನವರಿಗೆ 76 ವರ್ಷ, ರೈಲ್ವೆಯಿಂದ ನಿವೃತ್ತರಾದವರು. ನಡಿಗೆ ನಿಧಾನವಾಗಿದೆ, ಮೈ ಬಿಗಿಯಾಗಿದೆ. ಸಂಜೆಯಾದರೆ ‘ಮೂಲ್ಯಾಗ ಹುಡುಗ್ರು ಕುಂತಾರ, ಚುರಮರಿ ಕೊಡವಾ’ ಅನ್ನುತ್ತಾರೆ. ರಾತ್ರಿ ನಿದ್ದೆಯಲ್ಲೇ ಕೂಗಿ ಒದೆಯುತ್ತಾರೆ. ಬೆಳಿಗ್ಗೆ ಪೇಪರ್ ಓದಿ ಮಾತಾಡಿದವರು ಮಧ್ಯಾಹ್ನ ನನ್ನನ್ನೇ ಗುರುತಿಸುವುದಿಲ್ಲ. ಡಾಕ್ಟರು ಲೆವಿ ಬಾಡಿ ಡಿಮೆನ್ಶಿಯಾ ಎಂದಿದ್ದಾರೆ. ನಾನು ಶಿಕ್ಷಕಿ, ಯಜಮಾನರದು ಅಂಗಡಿ. ಹಗಲು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳೋಣವೆಂದರೆ ನಾದಿನಿ, ‘ಮನ್ಯಾಗ ಸೊಸಿ ಇರೂಮುಂದ ಅಪ್ಪನ್ನ ಹೊರಗಿನವರ ಕೈಯಾಗ ಕೊಡತೀರೇನು?’ ಅಂತಾರೆ. ನರ್ಸ್ ಅಲ್ಲದವರಿಂದ ಇದು ಆದೀತೇ? ನಾನು ನೌಕರಿ ಬಿಡಬೇಕೇ?
– ಹೆಸರು ಬೇಡ, ಕೇಶ್ವಾಪುರ, ಹುಬ್ಬಳ್ಳಿ

ಸಲಹೆ: ಸೋದರಿ, ನೌಕರಿ ಬಿಡಬೇಡಿ. ಒಬ್ಬರನ್ನು ಇಟ್ಟುಕೊಳ್ಳಿ. ಇದು ವರ್ಷಗಟ್ಟಲೆ ನಡೆಯುವ ಕಾಯಿಲೆ. ಒಬ್ಬರೇ ಹೊತ್ತರೆ ನೀವೂ ಹಾಸಿಗೆ ಹಿಡಿಯುತ್ತೀರಿ. ಸ್ನಾನ, ಊಟ, ಓಡಾಟ, ಜತೆಗೆ ಕೂತು ಮಾತಾಡುವುದು, ಇಷ್ಟಕ್ಕೆ ನರ್ಸ್ ಬೇಕಿಲ್ಲ. ಇಂಜೆಕ್ಷನ್, ಡ್ರೆಸ್ಸಿಂಗ್, ಮೂತ್ರದ ನಳಿಕೆಯಂಥ ಕೆಲಸಕ್ಕೆ ಮಾತ್ರ ನರ್ಸ್ ಬೇಕು. ಆದರೆ ಬರುವವರಿಗೆ ಈ ಕಾಯಿಲೆಯ ಸ್ವಭಾವ ತಿಳಿದಿರಲೇಬೇಕು. ಅದನ್ನು ಕಲಿಸಿಕೊಡುವುದು ಮನೆಯವರ ಕೆಲಸ.

ಮಿದುಳಿನ ಜೀವಕೋಶಗಳಲ್ಲಿ ಪ್ರೋಟೀನ್ ಗಂಟುಕಟ್ಟಿಕೊಳ್ಳುವುದನ್ನು 1912ರಲ್ಲಿ ಫ್ರೆಡ್ರಿಕ್ ಲೆವಿ ಎಂಬ ವೈದ್ಯರು ವಿವರಿಸಿದರು. ಕಾಯಿಲೆಯ ಹೆಸರು ಅವರಿಂದಲೇ ಬಂದದ್ದು. ಇಲ್ಲಿ ಮರೆವಿಗಿಂತ ಮೊದಲು ಎದ್ದು ಕಾಣುವುದು ನೀವು ಬರೆದ ಲಕ್ಷಣಗಳೇ. ಒಂದೇ ದಿನದಲ್ಲಿ ಬುದ್ಧಿ ತಿಳಿಯಾಗುತ್ತದೆ, ಮಂಕಾಗುತ್ತದೆ. ಆದ್ದರಿಂದ ‘ಮುಂಜಾನಿ ಛಲೋ ಇದ್ರು, ಈಗ ಬೇಕಂತ ಮಾಡ್ತಾರ’ ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ಸ್ನಾನ, ಕ್ಷೌರ, ನೆಂಟರ ಭೇಟಿಯನ್ನೆಲ್ಲ ಅವರು ಚುರುಕಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ.

ಮೂಲೆಯ ಹುಡುಗರು ಅವರಿಗೆ ನಿಜವಾಗಿ ಕಾಣುತ್ತಾರೆ. ವಾದ ಮಾಡಬೇಡಿ, ನಗಬೇಡಿ. ‘ನಿಮಗ ಕಾಣಸ್ತಾರ್ರಿ, ನನಗ ಕಾಣವಲ್ಲರು. ನಾ ಇಲ್ಲೇ ಅದೀನಿ, ಅಂಜಬ್ಯಾಡ್ರಿ’ ಎಂದರೆ ಸಾಕು. ಅವರಿಗೆ ಭಯವಿಲ್ಲದಿದ್ದರೆ ಸುಮ್ಮನೆ ಬಿಡಿ. ಗೂಟಕ್ಕೆ ತೂಗುಹಾಕಿದ ಅಂಗಿ, ಕುರ್ಚಿಯ ಮೇಲಿನ ಟವೆಲ್, ಕತ್ತಲಾದ ಮೇಲೆ ಕಿಟಕಿಯ ಗಾಜಿನಲ್ಲಿ ಮೂಡುವ ನೆರಳು ಮನುಷ್ಯರಂತೆ ಕಂಡಾವು. ಹೊತ್ತು ಮುಳುಗುವ ಮೊದಲೇ ಪರದೆ ಎಳೆದು ಲೈಟು ಹಾಕಿ. ಬಾಗಿಲಲ್ಲಿ ಕಪ್ಪು ಕಾಲೊರಸು ಇದ್ದರೆ ತೆಗೆಯಿರಿ. ಗುಂಡಿಯೆಂದು ಭಾವಿಸಿ ಅಲ್ಲೇ ನಿಂತುಬಿಡುತ್ತಾರೆ.

ದೊಡ್ಡ ಅಪಾಯ ಬೀಳುವುದು. ಎದ್ದು ನಿಂತಾಗ ಬಿಪಿ ಇಳಿಯುತ್ತದೆ, ಆದ್ದರಿಂದ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿಯೇ ಎಬ್ಬಿಸಬೇಕು. ಹೆಜ್ಜೆ ಕಚ್ಚಿಕೊಂಡರೆ ಎಳೆಯಬಾರದು; ‘ಒಂದು, ಎರಡು’ ಎಂದು ಎಣಿಸಿದರೆ ಕಾಲು ಏಳುತ್ತದೆ. ಧೋತರ ಕಾಲಿಗೆ ತೊಡರುತ್ತಿದ್ದರೆ ಇಲಾಸ್ಟಿಕ್ ಪೈಜಾಮ ತೊಡಿಸಿ. ನಿದ್ದೆಯಲ್ಲಿ ಒದೆಯುವುದರಿಂದ ಮಂಚ ತಗ್ಗಿರಲಿ, ಪಕ್ಕದಲ್ಲಿ ಗಾದಿ ಹಾಸಿ. ನುಂಗಲು ತೊಂದರೆಯಾಗಬಹುದು, ಖಡಕ್ ರೊಟ್ಟಿ ಬೇಡ, ಬಿಸಿ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ, ನೆಟ್ಟಗೆ ಕೂರಿಸಿ, ಅವಸರವಿಲ್ಲದೆ ಉಣಿಸಬೇಕು. ಪದೇ ಪದೇ ಕೆಮ್ಮಿದರೆ ವೈದ್ಯರಿಗೆ ತಿಳಿಸಿ.

ಒಂದು ಎಚ್ಚರಿಕೆಯನ್ನು ಗೋಡೆಗೆ ಅಂಟಿಸಿ. ಗಲಾಟೆ ಅಡಗಿಸಲು ಕೊಡುವ ಹಾಲೊಪೆರಿಡಾಲ್‌ನಂಥ ಔಷಧಿಗಳು ಈ ರೋಗಿಗಳಿಗೆ ಪ್ರಾಣಾಪಾಯ ತರಬಲ್ಲವು. ಯಾವ ಆಸ್ಪತ್ರೆಗೆ ಹೋದರೂ ಮೊದಲು ‘ಲೆವಿ ಬಾಡಿ’ ಎಂದು ಹೇಳಿ. ಆರೈಕೆಗೆ ಬಂದವರು ಮಲಗಿಸಲೆಂದು ತಾವಾಗಿ ಯಾವ ಗುಳಿಗೆಯನ್ನೂ ಕೊಡಕೂಡದು. ಗೊಂದಲ ಒಮ್ಮೆಲೇ ಹೆಚ್ಚಿದರೆ ಜ್ವರ, ಮೂತ್ರದ ಸೋಂಕು, ಮಲಬದ್ಧತೆ ಇವೆಯೇ ಎಂದು ವೈದ್ಯರಿಂದ ತಪಾಸಣೆ ಮಾಡಿಸಿ.

ಬರುವವರು ಗಂಡಸಾದರೆ ಸ್ನಾನದ ಹೊತ್ತಿಗೆ ಮಾವನವರಿಗೆ ಸಂಕೋಚ ಕಡಿಮೆ. ಗುರುತಿನ ದಾಖಲೆ ನೋಡಿ, ಹಿಂದೆ ಕೆಲಸ ಮಾಡಿದ ಮನೆಯವರನ್ನು ವಿಚಾರಿಸಿ. ಶಾಲೆಗೆ ರಜೆಯಿರುವಾಗಲೇ ಕರೆಸಿ, ಕೆಲವು ದಿನ ಜತೆಗಿದ್ದು ತೋರಿಸಿಕೊಡಿ. ಊಟ, ನಿದ್ದೆ, ಮಲವಿಸರ್ಜನೆ, ಬಿದ್ದದ್ದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಡಾಕ್ಟರಿಗೂ ಅದು ಬೇಕಾಗುತ್ತದೆ. ವಾರದ ರಜೆ, ಹೊತ್ತಿಗೆ ಸಂಬಳ, ಮರ್ಯಾದೆಯ ಮಾತು ತಪ್ಪಿಸಬೇಡಿ. ಪದೇ ಪದೇ ಮುಖ ಬದಲಾದರೆ ಮಾವನವರ ಗೊಂದಲ ಹೆಚ್ಚುತ್ತದೆ.

ನಾದಿನಿಯವರೊಡನೆ ಜಗಳ ಬೇಡ. ಎರಡು ದಿನ ಬಂದು ತಂದೆಯ ಜತೆ ಇರಲು ಕರೆಯಿರಿ. ರಾತ್ರಿ ಹೇಗಿರುತ್ತದೆಂದು ಅವರೂ ನೋಡಲಿ, ಖರ್ಚಿನ ಮಾತನ್ನು ಆಗ ಎಲ್ಲರೂ ಕೂತು ಆಡಿ. ಚಿಕಿತ್ಸೆಯ ಸಲಹೆಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರವೇ ಇದೆ. ಹಿರಿಯರ ಸಹಾಯವಾಣಿ 14567. ನಿಮಗೇ ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ.

ಆರೈಕೆಗೆ ಜನ ಇಟ್ಟ ಮಾತ್ರಕ್ಕೆ ಸೊಸೆಯ ಕರ್ತವ್ಯ ತಪ್ಪಿದಂತಲ್ಲ. ಅವರು ಬಂದರೆ ನೀವು ಸಂಜೆ ದಣಿಯದೆ ಮಾವನವರ ಪಕ್ಕ ಕೂರಬಲ್ಲಿರಿ. ಧೈರ್ಯವಾಗಿ ಮುಂದುವರಿಯಿರಿ.