ತಡೆಯಿಲ್ಲದ ದೃಶ್ಯಪ್ರವಾಹ: ಬಫರ್‌ನ ತತ್ತ್ವ ಮತ್ತು ಬಳಕೆ

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬುದು ಹಿರಿಯರ ನುಡಿ. ನೀರಿಗೂ ಧಾನ್ಯಕ್ಕೂ ಸಲ್ಲುವ ಈ ಮಾತು ಇಂದಿನ ಮನೆಮನೆಯ ವಿಡಿಯೋ ವೀಕ್ಷಣೆಗೂ ಅಷ್ಟೇ ಸಲ್ಲುತ್ತದೆ. ಹೈದರಾಬಾದಿನ ಮಿಯಾಪುರದ ಬಹುಮಹಡಿ ಕಟ್ಟಡವೊಂದರಲ್ಲಿ ನೆಲೆಸಿರುವ ಕನ್ನಡ ಕುಟುಂಬವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಸಾಯಂಕಾಲದ ವೇಳೆ ಮನೆಯ ಯಜಮಾನರು ಕನ್ನಡ ಚಲನಚಿತ್ರವನ್ನು ನೋಡತೊಡಗುತ್ತಾರೆ. ಮಗಳು ಕಚೇರಿಯ ಕಡತಗಳನ್ನು ರವಾನಿಸುತ್ತಿರುತ್ತಾಳೆ. ಒಳಕೋಣೆಯಲ್ಲಿ ಅಜ್ಜಿ ಮೊಣಕಾಲಿನ ವ್ಯಾಯಾಮದ ಪಾಠವನ್ನು ನೋಡಿ ಅನುಸರಿಸುತ್ತಿರುತ್ತಾರೆ. ಇದ್ದಕ್ಕಿದ್ದಂತೆ ದೃಶ್ಯ ಸ್ತಬ್ಧವಾಗಿ, ಪರದೆಯ ನಡುವೆ ಚಕ್ರವೊಂದು ಸುತ್ತತೊಡಗುತ್ತದೆ. ಎತ್ತಿದ ಕಾಲನ್ನು ಇಳಿಸಬೇಕೋ ಬೇಡವೋ ಎಂದು ಅಜ್ಜಿಗೆ ತಿಳಿಯುವುದಿಲ್ಲ.

ಇಂತಹ ಸಂದರ್ಭದಲ್ಲಿ ‘ಇಂಟರ್ನೆಟ್ ವೇಗ ಸಾಲದು’ ಎಂದು ಹೆಚ್ಚಿನ ಹಣ ತೆತ್ತು ದೊಡ್ಡ ಯೋಜನೆಯನ್ನು ಕೊಳ್ಳುವವರು ಅನೇಕರು. ಆದರೆ ಸುಗಮ ವೀಕ್ಷಣೆಗೆ ಬೇಕಾದುದು ಕೇವಲ ವೇಗವಲ್ಲ. ಬರುವ ಪ್ರವಾಹ ಏರಿಳಿದರೂ ಬತ್ತದ ಸಂಗ್ರಹ. ಈ ಸಂಗ್ರಹಕ್ಕೇ ಬಫರ್ ಎಂದು ಹೆಸರು.

ಬಫರ್ ಎಂದರೇನು?

ಈ ತತ್ತ್ವಕ್ಕೆ ಹೈದರಾಬಾದಿನಲ್ಲಿಯೇ ಒಂದು ಭವ್ಯ ನಿದರ್ಶನವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ನಗರದಲ್ಲಿ ಸಾವಿರಾರು ಜನರ ಪ್ರಾಣಹಾನಿಯಾಯಿತು. ಮರುವರ್ಷ ನಿಜಾಮ ಸರ್ಕಾರವು ಪರಿಹಾರ ಸೂಚಿಸಲು ಆಹ್ವಾನಿಸಿದ್ದು ಕನ್ನಡ ನಾಡಿನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಹಿಡಿಯಬೇಕೆಂಬುದು ಅವರ ಸಲಹೆಯ ತಿರುಳು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವು 1920ರಲ್ಲಿಯೂ, ಈಸಿ ನದಿಗೆ ಅಡ್ಡಲಾಗಿ ಹಿಮಾಯತ್ ಸಾಗರವು 1927ರಲ್ಲಿಯೂ ಸಿದ್ಧವಾದವು. ಮಳೆ ಒಂದು ದಿನ ಅತಿಯಾಗಿ, ಮತ್ತೊಂದು ದಿನ ಏನೂ ಇಲ್ಲದಂತೆ ಸುರಿದರೂ, ಜಲಾಶಯದಿಂದ ಹೊರಡುವ ನೀರನ್ನು ಹದವಾಗಿ ಕಾಯ್ದುಕೊಳ್ಳಲು ಇದರಿಂದ ಸಾಧ್ಯವಾಯಿತು.

ವಿಡಿಯೋದ ಬಫರ್ ಮಾಡುವುದೂ ಇದೇ ಕೆಲಸವನ್ನು. ದೂರದ ಗಣಕದಿಂದ ದತ್ತಾಂಶವು ಒಮ್ಮೆ ರಭಸದಿಂದ, ಒಮ್ಮೆ ನಿಧಾನವಾಗಿ ಬರುತ್ತದೆ. ಪರದೆಗಾದರೋ ಪ್ರತಿ ಕ್ಷಣವೂ ಸಮನಾದ ಪೂರೈಕೆ ಬೇಕು. ಆದುದರಿಂದ ದೂರವಾಣಿಯಾಗಲಿ ದೂರದರ್ಶನ ಪೆಟ್ಟಿಗೆಯಾಗಲಿ ಮುಂದಿನ ಕೆಲವು ಕ್ಷಣಗಳ ದೃಶ್ಯವನ್ನು ಮೊದಲೇ ತಂದು ತನ್ನ ಸ್ಮೃತಿಯಲ್ಲಿ ಶೇಖರಿಸಿಟ್ಟುಕೊಳ್ಳುತ್ತದೆ. ಶೇಖರಣೆ ಬರಿದಾದಾಗ ಮಾತ್ರ ಚಕ್ರ ಸುತ್ತುತ್ತದೆ.

ಒಂದು ಸರಳ ಲೆಕ್ಕ

ಸಾಧಾರಣ ಸ್ಪಷ್ಟತೆಯ ಚಿತ್ರವೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ದತ್ತಾಂಶ ಬೇಕೆಂದಿಟ್ಟುಕೊಳ್ಳೋಣ. ಸಂಪರ್ಕವು ಸೆಕೆಂಡಿಗೆ 4 ಮೆಗಾಬಿಟ್ ತಂದರೆ, ಒಂದು ಸೆಕೆಂಡಿನಲ್ಲಿ ಎರಡು ಸೆಕೆಂಡುಗಳ ಚಿತ್ರ ಬರುತ್ತದೆ; ಒಂದು ಖರ್ಚಾಗಿ ಒಂದು ಉಳಿಯುತ್ತದೆ. ಅರ್ಧ ನಿಮಿಷದಲ್ಲಿ 30 ಸೆಕೆಂಡುಗಳ ಸಂಗ್ರಹ ಕೂಡುತ್ತದೆ. ಅನಂತರ ವೇಗವು 1 ಮೆಗಾಬಿಟ್‌ಗೆ ಇಳಿದರೆ, ಪ್ರತಿ ಸೆಕೆಂಡಿಗೆ ಅರ್ಧ ಸೆಕೆಂಡಿನಷ್ಟು ಸಂಗ್ರಹ ಕರಗುತ್ತದೆ. ಆದರೂ 60 ಸೆಕೆಂಡುಗಳವರೆಗೆ ಚಿತ್ರ ನಿಲ್ಲುವುದಿಲ್ಲ. ಅಷ್ಟರೊಳಗೆ ವೇಗ ಮರಳಿ ಏರಿದರೆ, ನೋಡುವವರಿಗೆ ತೊಂದರೆಯಾದದ್ದೇ ತಿಳಿಯುವುದಿಲ್ಲ.

ಅದೇ 4 ಮೆಗಾಬಿಟ್ ಸಂಪರ್ಕದಲ್ಲಿ, 5 ಮೆಗಾಬಿಟ್ ಬೇಡುವ ಅತಿಸ್ಪಷ್ಟ ಚಿತ್ರವನ್ನು ಹಟದಿಂದ ಆಯ್ದುಕೊಂಡರೆ ಸಂಗ್ರಹವೆಂಬುದು ಕೂಡುವುದೇ ಇಲ್ಲ. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಸಂಸಾರದ ಸ್ಥಿತಿಯೇ ಅದಕ್ಕೂ ಒದಗುತ್ತದೆ.

ತುಣುಕುಗಳಾಗಿ ಬರುವ ಚಿತ್ರ

ಇಂದಿನ ವಿಡಿಯೋ ಸೇವೆಗಳು ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳನ್ನಾಗಿ ವಿಂಗಡಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿರುತ್ತವೆ. ಆಪಲ್ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಎಚ್‌ಎಲ್‌ಎಸ್ ಪದ್ಧತಿಯೂ, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್ ಪದ್ಧತಿಯೂ ಈ ಬಗೆಯವು. ಸಂಪರ್ಕ ಕುಗ್ಗಿದಾಗ ಮುಂದಿನ ತುಣುಕನ್ನು ಕಡಿಮೆ ಗುಣಮಟ್ಟದಲ್ಲಿ ತರಿಸಲಾಗುತ್ತದೆ. ಚಿತ್ರ ತುಸು ಮಬ್ಬಾದರೂ ಕಥೆ ನಿಲ್ಲದೆ ಸಾಗುತ್ತದೆ.

ಯಾವ ಗುಣಮಟ್ಟವನ್ನು ಆರಿಸಬೇಕೆಂಬ ನಿರ್ಧಾರವೇ ಇಲ್ಲಿನ ಜಾಣ್ಮೆ. ಸಂಪರ್ಕದ ವೇಗವನ್ನು ಅಂದಾಜು ಮಾಡಿ ಆರಿಸುವುದು ಒಂದು ಮಾರ್ಗ. ಅದಕ್ಕಿಂತ ಸಂಗ್ರಹದ ಮಟ್ಟವನ್ನೇ ನೋಡಿ ಆರಿಸುವುದು ಮೇಲೆಂದು ನೆಟ್‌ಫ್ಲಿಕ್ಸ್ ವೀಕ್ಷಕರ ನಡುವೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಆ ಕ್ರಮದಿಂದ ಚಿತ್ರ ನಡುವೆ ನಿಲ್ಲುವ ಪ್ರಮಾಣ ಶೇಕಡಾ 10ರಿಂದ 20ರಷ್ಟು ತಗ್ಗಿತು. ಆಕಾಶದ ಮೋಡವನ್ನು ನೋಡಿ ಊಹಿಸುವುದಕ್ಕಿಂತ ಕೆರೆಯ ನೀರಿನ ಮಟ್ಟವನ್ನು ಅಳೆದು ತೂಬನ್ನು ತಿರುಗಿಸುವ ನೀರುಗಂಟಿಯ ವಿವೇಕ ಇದು.

ಕಾಯುವಿಕೆಯು ಮನಸ್ಸನ್ನು ಎಷ್ಟು ಬೇಗ ಕೆಡಿಸುತ್ತದೆಂಬುದನ್ನೂ ವಿದ್ವಾಂಸರು ಅಳೆದಿದ್ದಾರೆ. ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಿಡಿಯೋ ಆರಂಭವಾಗಲು 2 ಸೆಕೆಂಡುಗಳಿಗಿಂತ ಹೆಚ್ಚು ತಡವಾದರೆ ವೀಕ್ಷಕರು ಬಿಟ್ಟುಹೋಗತೊಡಗುತ್ತಾರೆ. ಅನಂತರದ ಪ್ರತಿ ಸೆಕೆಂಡಿಗೂ ಹೀಗೆ ಬಿಟ್ಟುಹೋಗುವ ಪ್ರಮಾಣ ಶೇಕಡಾ 5.8ರಷ್ಟು ಏರುತ್ತದೆ. ಚಲನಚಿತ್ರ ಬಿಟ್ಟುಹೋದರೆ ನಷ್ಟವೇನೂ ಇಲ್ಲ. ವ್ಯಾಯಾಮದ ಪಾಠವನ್ನೋ, ಮಧುಮೇಹದ ಪಥ್ಯದ ವಿವರಣೆಯನ್ನೋ ಬೇಸರದಿಂದ ಅರ್ಧಕ್ಕೇ ಬಿಟ್ಟರೆ ಆಗುವ ನಷ್ಟ ಆರೋಗ್ಯದ್ದು.

ತಡೆಗೆ ಕಾರಣಗಳು ಮತ್ತು ಪರಿಹಾರಗಳು

ದೋಷ ಎಲ್ಲಿದೆಯೆಂದು ಮೊದಲು ಅರಿಯುವುದು ಯುಕ್ತ. ವೈಫೈ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಒಮ್ಮೆ, ತಡೆಯುಂಟಾಗುವ ಕೋಣೆಯಲ್ಲಿ ಮತ್ತೊಮ್ಮೆ ವೇಗವನ್ನು ಪರೀಕ್ಷಿಸಬೇಕು. ಮೊದಲನೆಯ ಸ್ಥಳದಲ್ಲಿ ವೇಗ ಚೆನ್ನಾಗಿದ್ದು ಎರಡನೆಯದರಲ್ಲಿ ಕುಸಿದರೆ ದೋಷ ಮನೆಯೊಳಗಿನದು. ಎರಡೂ ಕಡೆ ಕಡಿಮೆಯಿದ್ದರೆ ಮಾತ್ರ ಸೇವೆ ಒದಗಿಸುವವರಿಗೆ ದೂರು ನೀಡಬೇಕು.

ಮನೆಯೊಳಗಿನ ದೋಷಕ್ಕೆ ಪರಿಹಾರಗಳು ಸುಲಭ. ವೈಫೈ ಪೆಟ್ಟಿಗೆಯು ಮನೆಯ ಮಧ್ಯಭಾಗದಲ್ಲಿ, ತುಸು ಎತ್ತರದಲ್ಲಿ, ತೆರೆದ ಜಾಗದಲ್ಲಿರಬೇಕು. ಉಕ್ಕಿನ ಬೀರುವಿನ ಹಿಂದೆ ಬಚ್ಚಿಡುವುದು ಸಲ್ಲದು. 2.4 ಗಿಗಾಹರ್ಟ್ಸ್ ತರಂಗಗಳು ಗೋಡೆಗಳನ್ನು ದಾಟಿ ದೂರ ಹೋಗುತ್ತವೆ. ಆದರೆ ಒತ್ತೊತ್ತಾದ ವಸತಿ ಸಮುಚ್ಚಯಗಳಲ್ಲಿ ನೆರೆಮನೆಗಳ ತರಂಗಗಳೊಡನೆ ಅವು ಗೊಂದಲಕ್ಕೀಡಾಗುತ್ತವೆ; ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ತರಂಗಶ್ರೇಣಿಯನ್ನು ಕದಡುತ್ತದೆ. ಹತ್ತಿರದ ಬಳಕೆಗೆ 5 ಗಿಗಾಹರ್ಟ್ಸ್ ಶ್ರೇಣಿಯೇ ಉತ್ತಮ. ಒಂದೆಡೆ ನಿಂತಿರುವ ದೂರದರ್ಶನಕ್ಕೆ ತಂತಿಯ ಸಂಪರ್ಕವೇ ಶ್ರೇಷ್ಠ.

ಗುಣಮಟ್ಟದ ಆಯ್ಕೆಯನ್ನು ‘ಸ್ವಯಂಚಾಲಿತ’ ಎಂಬಲ್ಲಿಗೆ ಬಿಡುವುದು, ಆಗಲೂ ತಡೆ ಬಂದರೆ ಒಂದು ಮೆಟ್ಟಿಲು ಇಳಿಸುವುದು ಲೇಸು. ಕೈಯಲ್ಲಿ ಹಿಡಿಯುವ ಸಣ್ಣ ಪರದೆಗೆ 480 ರೇಖೆಗಳ ಸ್ಪಷ್ಟತೆ ಬಹುಮಟ್ಟಿಗೆ ಸಾಕು. 2020ರ ಮಾರ್ಚ್‌ನಲ್ಲಿ ದೇಶವೇ ಮನೆಯೊಳಗೆ ಉಳಿದಾಗ, ಭಾರತದ ವಿಡಿಯೋ ಸೇವೆಗಳು ಮೊಬೈಲ್ ಜಾಲದಲ್ಲಿ ಈ ಮಟ್ಟವನ್ನು ಮೀರದಿರಲು ಒಪ್ಪಿಕೊಂಡು ಜಾಲದ ಭಾರವನ್ನು ಇಳಿಸಿದ್ದು ಇಲ್ಲಿ ಸ್ಮರಣೀಯ.

ಚಿತ್ರವನ್ನು ತಡೆದು ನಿಲ್ಲಿಸಿಟ್ಟರೆ ಪೂರ್ತಿ ತುಂಬಿಕೊಳ್ಳುವುದೆಂಬ ನಂಬಿಕೆ ಪೂರ್ಣ ಸತ್ಯವಲ್ಲ. ಬಹುತೇಕ ಸೇವೆಗಳು ಸಂಗ್ರಹಕ್ಕೆ ಮಿತಿಯನ್ನಿಟ್ಟಿರುತ್ತವೆ. ಸೇವೆಯು ಅವಕಾಶ ನೀಡಿದರೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುವುದೇ ನಿಶ್ಚಿತ ಮಾರ್ಗ. ಅದು ಇಡೀ ಚಿತ್ರಕ್ಕೇ ಕಟ್ಟಿದ ಜಲಾಶಯ. ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಮೆಟ್ರೋದಲ್ಲಿ ಸಾಗುವವರಿಗೂ, ಹೆದ್ದಾರಿ ಹಿಡಿದು ಜಹೀರಾಬಾದ್, ಹುಮನಾಬಾದ್ ಕಡೆಗೆ ತವರಿಗೆ ಹೊರಟವರಿಗೂ ಇದು ಉಪಯುಕ್ತ. ಚಲಿಸುವ ವಾಹನದಲ್ಲಿ ಸಂಪರ್ಕವು ಗೋಪುರದಿಂದ ಗೋಪುರಕ್ಕೆ ಹಸ್ತಾಂತರವಾಗುತ್ತಾ ಏರಿಳಿಯುತ್ತಿರುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಎರಡೂವರೆ ಗಂಟೆಯ ಚಿತ್ರಕ್ಕೆ ಸುಮಾರು 2.25 ಗಿಗಾಬೈಟ್ ಸ್ಥಳ ಬೇಕಾಗುತ್ತದೆ.

ಸಂಗ್ರಹಿಸಲಾಗದ ದೃಶ್ಯ

ಮೇಲಿನ ಉಪಾಯಗಳೆಲ್ಲ ಮೊದಲೇ ಸಿದ್ಧವಾಗಿರುವ ಚಿತ್ರಗಳಿಗೆ ಅನ್ವಯಿಸುತ್ತವೆ. ವೈದ್ಯರೊಡನೆ ನಡೆಯುವ ವಿಡಿಯೋ ಸಮಾಲೋಚನೆಯ ಸಂಗತಿ ಬೇರೆ. ಭಾರತದಲ್ಲಿ ದೂರವೈದ್ಯಕೀಯದ ಮಾರ್ಗಸೂಚಿಗಳು 2020ರ ಮಾರ್ಚ್ 25ರಂದು ಪ್ರಕಟವಾದವು. ಮರುತಿಂಗಳೇ ಕೇಂದ್ರ ಸರ್ಕಾರದ ಇ-ಸಂಜೀವನಿಯ ಮೂಲಕ ರೋಗಿಗಳು ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆ ಆರಂಭವಾಯಿತು. ಅಜ್ಜಿಯು ನಾಳೆ ಆಡುವ ಮಾತನ್ನು ಇಂದೇ ತಂದು ಶೇಖರಿಸಿಡುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಸಂಭಾಷಣೆ ಸಹಜವಾಗಿರಲು ಧ್ವನಿಯು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 150 ಮಿಲಿಸೆಕೆಂಡುಗಳೊಳಗೆ ತಲುಪಬೇಕು. ಆದುದರಿಂದ ಇಲ್ಲಿ ಸಂಗ್ರಹಕ್ಕೆ ಕ್ಷಣಾಂಶದಷ್ಟೇ ಅವಕಾಶ.

ಅಷ್ಟೇ ಅಲ್ಲದೆ, ಸಂಗ್ರಹವು ತಪ್ಪಾದ ಜಾಗದಲ್ಲಿ ಅತಿಯಾದರೆ ಅದೇ ಕಂಟಕವಾಗುತ್ತದೆ. ಮಗಳ ಕಡತಗಳೂ ದೂರವಾಣಿಯ ಛಾಯಾಚಿತ್ರಗಳೂ ಏಕಕಾಲದಲ್ಲಿ ಹೊರಹೋಗುವಾಗ ವೈಫೈ ಪೆಟ್ಟಿಗೆಯಲ್ಲಿ ದತ್ತಾಂಶದ ಉದ್ದನೆಯ ಸಾಲು ಬೆಳೆಯುತ್ತದೆ. ಅಜ್ಜಿಯ ಮಾತು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಇದನ್ನು ತಜ್ಞರು ಬಫರ್‌ಬ್ಲೋಟ್, ಅಂದರೆ ಬಫರ್‌ನ ಉಬ್ಬರ, ಎನ್ನುತ್ತಾರೆ. ಅತಿಯಾದರೆ ಅಮೃತವೂ ವಿಷ. ಕೆಲವು ಹೊಸ ಪೆಟ್ಟಿಗೆಗಳಲ್ಲಿ ಈ ಸಾಲನ್ನು ಚಿಕ್ಕದಾಗಿಡುವ ವ್ಯವಸ್ಥೆಯಿದೆ. ಅದಿಲ್ಲದ ಮನೆಯಲ್ಲಿ ಸಮಾಲೋಚನೆಯ ಹೊತ್ತಿಗೆ ಉಳಿದವರು ಚಲನಚಿತ್ರವನ್ನೂ ಕಡತಗಳ ರವಾನೆಯನ್ನೂ ನಿಲ್ಲಿಸುವುದೇ ಮದ್ದು.

ಆಗಲೂ ದೃಶ್ಯ ಕಡಿದುಹೋದರೆ ಬರಿಯ ಧ್ವನಿಯಲ್ಲಿ ಮುಂದುವರಿಸುವಂತೆ ವೈದ್ಯರನ್ನು ಕೋರಬಹುದು. ಮಾರ್ಗಸೂಚಿಗಳು ಅದಕ್ಕೂ ಅವಕಾಶ ನೀಡಿವೆ. ಔಷಧದ ಹೆಸರು ಮತ್ತು ಪ್ರಮಾಣವನ್ನು ಮರಳಿ ಹೇಳಿ ದೃಢಪಡಿಸಿಕೊಳ್ಳಬೇಕು. ಅರ್ಧ ಕೇಳಿದ ಮಾತಿನ ಮೇಲೆ ಗುಳಿಗೆ ನುಂಗಬಾರದು. ಎದೆನೋವು, ಉಸಿರಾಟದ ಕಷ್ಟ, ಪ್ರಜ್ಞೆ ತಪ್ಪುವುದು ಮೊದಲಾದ ತುರ್ತು ಸ್ಥಿತಿಯಲ್ಲಿ ಪರದೆಯ ಮುಂದೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.

ಉಪಸಂಹಾರ

ಮುಂಚಿತವಾಗಿ ಕೂಡಿಡಬಹುದಾದುದನ್ನು ಬಿಡುವಿನ ವೇಳೆಯಲ್ಲಿ ಕೂಡಿಡುವುದು, ಕೂಡಿಡಲಾಗದುದಕ್ಕೆ ದಾರಿ ತೆರವು ಮಾಡಿಕೊಡುವುದು: ಸುಗಮ ದೃಶ್ಯಪ್ರವಾಹದ ರಹಸ್ಯವು ಈ ಎರಡರಲ್ಲಿಯೇ ಅಡಗಿದೆ. ಅಜ್ಜಿಯ ವ್ಯಾಯಾಮದ ಪಾಠವನ್ನು ಬೆಳಿಗ್ಗೆಯೇ ಡೌನ್‌ಲೋಡ್ ಮಾಡಿಟ್ಟು, ಅವರು ವೈದ್ಯರೊಡನೆ ಮಾತನಾಡುವ ಹತ್ತು ನಿಮಿಷ ತಮ್ಮ ಚಿತ್ರವನ್ನು ನಿಲ್ಲಿಸುವ ಮನೆಯವರು ದುಬಾರಿ ಯೋಜನೆಯಿಲ್ಲದೆಯೇ ಹಿರಿಯರ ಆರೋಗ್ಯಕ್ಕೆ ನೆರವಾಗುತ್ತಾರೆ.