ಗೋಸುಂಬೆ ಮರಿಗೆ ಎಷ್ಟು ಎತ್ತಿಡಬೇಕು?

ಗೋಸುಂಬೆ ಮರಿಯ ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಎಷ್ಟೋ ದಿನಗಳಿಂದ ಒಳಗೊಳಗೇ ನರಳಿರುತ್ತದೆ. ಹಕ್ಕಿ, ಹಾವುಗಳ ಬಾಯಿಗೆ ತುತ್ತಾಗದಿರಲು ತನ್ನ ನಿತ್ರಾಣವನ್ನು ತೋರಗೊಡದೆ ಬದುಕುವುದು ಅದರ ಹುಟ್ಟುಗುಣ. ಹಾಗಾಗಿ ಈ ಪ್ರಾಣಿಯ ವಿಷಯದಲ್ಲಿ ಕಾಯಿಲೆ ಬಿದ್ದ ಮೇಲೆ ಸುರಿಯುವ ದುಡ್ಡಿಗಿಂತ ಮೊದಲೇ ಹಾಕುವ ದುಡ್ಡಿಗೆ ಬೆಲೆ ಹೆಚ್ಚು. ಮಗಳ ಆಸೆಗೆ ಒಂದು ಮರಿ ತರುವ ಮುಂಚೆ ನಾವು ಹಾಕಿದ ಲೆಕ್ಕವನ್ನೂ, ತಂದ ಮೇಲೆ ಬರೆದಿಟ್ಟುಕೊಂಡ ಖರ್ಚನ್ನೂ ಈ ಸಲದ ಅಂಕಣದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಾವಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಇಲ್ಲಿ ಮರಿ ಮಾಡಿಸುವವರಿಂದ ಕೊಂಡು ಗೋಸುಂಬೆ ಸಾಕಬಹುದು. ಭಾರತದ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮೂರಿನ ಬೇಲಿಸಾಲಿನಲ್ಲಿ, ಮರಗಿಡಗಳಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿಯುವುದೂ ಸಾಕುವುದೂ ಮಾರುವುದೂ ಅಪರಾಧ. ಅದು ಗಿಡದ ಮೇಲೇ ಇರಲಿ, ನೋಡಿ ಖುಷಿಪಡಿ.

ನಾವು ತಂದದ್ದು ವೇಲ್ಡ್ ಜಾತಿಯ ಗಂಡು ಮರಿ. ತಲೆಯ ಮೇಲೆ ಎತ್ತರದ ಕಿರೀಟದಂಥ ಏಣಿರುವ ಈ ಜಾತಿಯ ತವರು ಯೆಮೆನ್ ಮತ್ತು ಸೌದಿ ಅರೇಬಿಯಾ. ಮೂರು ತಿಂಗಳು ತುಂಬಿದ, ಸಾಕಣೆಯಲ್ಲೇ ಹುಟ್ಟಿದ ಮರಿಗೆ 80 ಡಾಲರ್ ಕೊಟ್ಟೆವು. ಅದಕ್ಕಿಂತ ಎಳೆಯ ಮರಿ ಅಗ್ಗಕ್ಕೆ ಸಿಕ್ಕರೂ ತರಬೇಡಿ, ಒಂದೆರಡು ದಿನ ನೀರು ತಪ್ಪಿದರೂ ಅದು ತಡೆಯುವುದಿಲ್ಲ. ಕಾಡಿನಿಂದ ಹಿಡಿದು ತಂದವು ಹೊಟ್ಟೆಯಲ್ಲಿ ಜಂತುಹುಳ ಹೊತ್ತೇ ಬರುವುದು ಹೆಚ್ಚು.

ಗಂಡನ್ನೇ ಆರಿಸಿದ್ದಕ್ಕೂ ಹಣಕಾಸಿನ ಕಾರಣವಿದೆ. ಈ ಜಾತಿಯ ಹೆಣ್ಣು ಗಂಡಿನ ಸಹವಾಸವಿಲ್ಲದೆಯೂ ಮೊಟ್ಟೆಯಿಡುತ್ತದೆ. ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಕುತ್ತು, ಶಸ್ತ್ರಚಿಕಿತ್ಸೆಯ ಬಿಲ್ ಮರಿಯ ಬೆಲೆಯ ಎಷ್ಟೋ ಪಟ್ಟು. ಗಂಡನ್ನು ಗುರುತಿಸುವುದು ಕಷ್ಟವಲ್ಲ. ಅದರ ಹಿಂಗಾಲಿನ ಹಿಮ್ಮಡಿಯಲ್ಲಿ ಮುಳ್ಳಿನಂಥ ಪುಟ್ಟ ಉಬ್ಬು ಮೊಟ್ಟೆಯೊಡೆದು ಬಂದಾಗಿನಿಂದಲೇ ಇರುತ್ತದೆ. ಕೊಳ್ಳುವ ಮುಂಚೆ ಮಗಳು ಭೂತಗನ್ನಡಿ ಹಿಡಿದು ಅದನ್ನು ನೋಡಿ ಖಾತರಿ ಮಾಡಿಕೊಂಡಳು.

ಇನ್ನು ಅದರ ಮನೆಯ ಖರ್ಚು. ನಾಲ್ಕು ಅಡಿ ಎತ್ತರದ ಜಾಲರಿ ಗೂಡಿಗೆ 130 ಡಾಲರ್, ಯುವಿಬಿ (ಅತಿನೇರಳೆ-ಬಿ ಕಿರಣದ) ಕೊಳವೆ ದೀಪಕ್ಕೆ 80, ಬಿಸಿಲು ಕಾಯಲು ಬೇಕಾದ ಬಲ್ಬಿಗೆ 25, ಉಷ್ಣತೆ–ತೇವ ಅಳೆಯುವ ಮೀಟರು ಮತ್ತು ಟೈಮರಿಗೆ 35, ತಾನಾಗಿ ಹನಿ ಚಿಮ್ಮಿಸುವ ಯಂತ್ರಕ್ಕೆ 110, ಕೊಂಬೆರೆಂಬೆ, ಮನಿಪ್ಲಾಂಟ್, ದಾಸವಾಳದ ಗಿಡಗಳಿಗೆ 50. ಒಟ್ಟು 430. ಮರಿ ಬಂದ ಮೊದಲ ವಾರದಲ್ಲೇ ವೈದ್ಯರಲ್ಲಿ ತಪಾಸಣೆ, ಹಿಕ್ಕೆ ಪರೀಕ್ಷೆ ಮಾಡಿಸಿದ್ದಕ್ಕೆ 130. ಮರಿಯ 80 ಸೇರಿದರೆ 640 ಡಾಲರ್.

ಇದರಲ್ಲಿ ಉಳಿತಾಯಕ್ಕೆ ದಾರಿಗಳಿವೆ. ಗೂಡನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು, ಕೊಂಬೆಗಳನ್ನು ಹಿತ್ತಲಿನಿಂದ ತಂದು ತೊಳೆದು ಕಟ್ಟಬಹುದು. ಯುವಿಬಿ ದೀಪವನ್ನು ಮಾತ್ರ ಹೊಸದಾಗಿಯೇ ಕೊಳ್ಳಿ. ಗೋಸುಂಬೆಯ ಚರ್ಮ ಈ ಕಿರಣದಿಂದಲೇ ಡಿ3 ವಿಟಮಿನ್ ತಯಾರಿಸಿಕೊಳ್ಳುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುವುದರಿಂದ ಗಾಜಿನೊಳಗೆ ಬರುವ ಬಿಸಿಲು ಇದಕ್ಕೆ ಸಾಲದು. ದೀಪ ಹಳತಾದಂತೆ ಬೆಳಕು ಹಾಗೇ ಕಂಡರೂ ಕಿರಣದ ಬಲ ಕುಂದುತ್ತದೆ. ವರ್ಷ ತುಂಬುವುದರೊಳಗೆ ಕೊಳವೆಯನ್ನಷ್ಟೇ ಬದಲಿಸಬೇಕು, ಅದಕ್ಕೆ 30 ಡಾಲರ್. ಕೊಂಡ ತಾರೀಕನ್ನು ಚೀಟಿಯಲ್ಲಿ ಬರೆದು ದೀಪದ ಪಟ್ಟಿಯ ಮೇಲೇ ಅಂಟಿಸಿ.

ನಮ್ಮ ಪರಿಚಯದ ಕುಟುಂಬವೊಂದಕ್ಕೆ ಅಂಗಡಿಯವರು ಗೂಡಿನ ಜತೆ ಮಾಮೂಲಿ ಬಲ್ಬು, ನೀರಿನ ಬಟ್ಟಲು ಕೊಟ್ಟು ಇಷ್ಟೇ ಸಾಕೆಂದು ಕಳಿಸಿದ್ದರು. ಮರಿ ಬೆಳೆಯುವ ವಯಸ್ಸಿನಲ್ಲೇ ಮುಂಗಾಲು ಬಿಲ್ಲಿನಂತೆ ಬಾಗಿತು, ದವಡೆ ಮೆತ್ತಗಾಯಿತು, ನಾಲಿಗೆ ಚಾಚಿದರೂ ಹುಳ ಸಿಗದಾಯಿತು. ಎಕ್ಸ್-ರೇ, ಔಷಧಿ, ಮತ್ತೆ ಮತ್ತೆ ತಪಾಸಣೆ ಎಂದು ನೂರಾರು ಡಾಲರ್ ಹೋಯಿತು. ಮರಿ ಉಳಿಯಿತು, ಬಾಗಿದ ಮೂಳೆ ನೆಟ್ಟಗಾಗಲಿಲ್ಲ. ಆ ಮಕ್ಕಳ ಮುಖ ನೋಡಿದ ನನಗೆ ಆ 80 ಡಾಲರಿನ ದೀಪ ಎಂದೂ ದುಬಾರಿಯೆನಿಸಿಲ್ಲ.

ತಿಂಗಳ ಖರ್ಚು ನಮ್ಮಲ್ಲಿ 40 ಡಾಲರಿನ ಆಸುಪಾಸು. ಬೆಳೆಯುವ ಮರಿಗೆ ದಿನವೂ ಕ್ರಿಕೆಟ್ ಹುಳ ಬೇಕು. ಹುಳದ ಗಾತ್ರ ಅದರ ಎರಡು ಕಣ್ಣುಗಳ ನಡುವಿನ ಅಗಲವನ್ನು ಮೀರಬಾರದು. ನಾವು ಹುಳಗಳಿಗೆ ಸಾಸಿವೆ ಸೊಪ್ಪು, ಕ್ಯಾರೆಟ್ ತಿನ್ನಿಸಿ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡುತ್ತೇವೆ. ಡಿ3 ಇರುವ ಪುಡಿ, ಮಲ್ಟಿವಿಟಮಿನ್ ಪುಡಿಗಳನ್ನು ತಿಂಗಳಿಗೆ ಎರಡು ಸಲ ಮಾತ್ರ, ವೈದ್ಯರು ಹೇಳಿದ ಅಳತೆಯಲ್ಲಿ. ತಿನ್ನದೆ ಉಳಿದ ಹುಳಗಳನ್ನು ರಾತ್ರಿ ಗೂಡಿನಲ್ಲಿ ಬಿಡಬಾರದು, ಮಲಗಿದ ಮರಿಯನ್ನೇ ಕಚ್ಚುತ್ತವೆ. ಮರಿ ಬಿಸಿಲು ಕಾಯುವ ಕೊಂಬೆಯ ಮೇಲೆ 27ರಿಂದ 29 ಡಿಗ್ರಿ ಸೆಲ್ಸಿಯಸ್ ಸಾಕು, ರಾತ್ರಿ ತಂಪಾಗಿರಬೇಕು. ಬಟ್ಟಲಿನಲ್ಲಿಟ್ಟ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ, ಎಲೆಯ ಮೇಲೆ ಕೂತ ಹನಿಯನ್ನು ನೆಕ್ಕುತ್ತದೆ. ಯಂತ್ರಕ್ಕೆ ಹಾಕಿದ ದುಡ್ಡು ದಿನವೂ ದುಡಿಯುವುದು ಇಲ್ಲೇ.

ಕಾಯಿಲೆಯನ್ನು ಬೇಗ ಹಿಡಿಯಲು ದುಡ್ಡು ಬೇಡ, ದಿನಾ ಬೆಳಿಗ್ಗೆ ಐದು ನಿಮಿಷ ಸಾಕು. ಕಣ್ಣುಗುಡ್ಡೆ ತುಂಬಿಕೊಂಡು ಅತ್ತಿತ್ತ ತಿರುಗುತ್ತಿದೆಯೇ ನೋಡಿ. ಒಳಸೇರಿದ್ದರೆ ನೀರು ಸಾಲದಾಗಿದೆ. ಹಗಲಲ್ಲೇ ಕಣ್ಣು ಮುಚ್ಚಿ ಕೂತಿದ್ದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಕೊಂಬೆಯ ಮೇಲಿನ ಹಿಡಿತ ಸಡಿಲವಾಗಿದ್ದರೆ ಮೂಳೆಯ ಬಗ್ಗೆ ಅನುಮಾನಪಡಿ. ಬಿಸಿ ಹೆಚ್ಚಿಲ್ಲದಿದ್ದರೂ ಬಾಯಿ ತೆರೆದು ಮೂತಿ ಮೇಲೆತ್ತಿಕೊಂಡಿದ್ದರೆ, ಉಸಿರಿನಲ್ಲಿ ಚಟಪಟ ಸದ್ದಿದ್ದರೆ, ಬಾಯಲ್ಲಿ ಗುಳ್ಳೆ ಕಂಡರೆ ಶ್ವಾಸಕೋಶಕ್ಕೆ ಸೋಂಕು ತಗುಲಿರಬಹುದು. ಮೈಬಣ್ಣ ದಿನವಿಡೀ ಕಪ್ಪಿಟ್ಟಿರುವುದು, ಗೂಡಿನ ತಳದಲ್ಲೇ ಬಿದ್ದಿರುವುದು, ಕೀಲುಗಳಲ್ಲಿ ಊತ ಇವೂ ತಡಮಾಡಬಾರದ ಸೂಚನೆಗಳು. ವಾರಕ್ಕೊಮ್ಮೆ ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಕ ಬರೆದಿಡಿ. ಬೆಳೆಯುವ ಮರಿಯ ತೂಕ ಏರದೆ ನಿಂತರೂ ಅದು ಸುದ್ದಿಯೇ.

ಒಂದು ಚಳಿಗಾಲ ಮನೆಯಲ್ಲಿ ಹೀಟರ್ ಹಾಕಿದ್ದಾಗ ಮಗಳು ನನ್ನನ್ನು ಕರೆದು ಗೂಡಿನ ತಳ ತೋರಿಸಿದಳು. ಹಿಕ್ಕೆಯ ಜತೆ ಬರುವ ಗಟ್ಟಿ ಮೂತ್ರದ ತುಣುಕು ಬೆಳ್ಳಗಿರಬೇಕು. ಅಂದು ಅದು ಅಂಚಿನಿಂದ ನಡುವಿನವರೆಗೂ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೀಟರ್ ನೋಡಿದರೆ ಗೂಡಿನ ತೇವ ಇಳಿದಿತ್ತು. ಹೀಟರಿನ ಗಾಳಿ ಗೂಡನ್ನು ಒಣಗಿಸಿತ್ತು. ಬೆಳಗಿನ ಜಾವ ಮತ್ತು ರಾತ್ರಿಯ ಹನಿ ಹೆಚ್ಚಿಸಿದೆವು, ವೈದ್ಯರಿಗೂ ಫೋನಿನಲ್ಲಿ ತಿಳಿಸಿದೆವು. ತುಣುಕು ಮತ್ತೆ ಬೆಳ್ಳಗಾಯಿತು. ಆದ ಖರ್ಚು ಒಂದಿಷ್ಟು ನೀರು. ಬಿಟ್ಟಿದ್ದರೆ ಅದೇ ಒಣಗಾಳಿಯ ಹಾನಿ ಮೂತ್ರಪಿಂಡದವರೆಗೆ ಹೋಗಬಹುದಿತ್ತು.

ಆದರೂ ಎಲ್ಲ ಕಾಯಿಲೆಯೂ ನೀರಿನಲ್ಲಿ ತೀರುವುದಿಲ್ಲ. ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರೂ ಗೋಸುಂಬೆ ನೋಡುವುದಿಲ್ಲ. ಸರೀಸೃಪ ಮತ್ತು ಉಭಯಚರ ಪಶುವೈದ್ಯರ ಸಂಘ ಇಲ್ಲಿ ತನ್ನ ಸದಸ್ಯರ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಮರಿ ತರುವ ಮುಂಚೆಯೇ ಅದರಲ್ಲಿ ಹತ್ತಿರದವರನ್ನು ಹುಡುಕಿ, ಅವರ ಫೀಸು ಕೇಳಿಟ್ಟುಕೊಳ್ಳಿ. ಆಪತ್ತಿಗೆಂದು ನಾವು ತಿಂಗಳಿಗೆ 30 ಡಾಲರನ್ನು ಬೇರೆ ಖಾತೆಗೆ ಹಾಕುತ್ತೇವೆ. ವಿಮೆ ಮಾಡಿಸುವುದಾದರೆ ಸರೀಸೃಪಕ್ಕೆ ಅನ್ವಯಿಸುತ್ತದೆಯೇ, ಪರೀಕ್ಷೆಗಳ ಖರ್ಚು ಸೇರಿದೆಯೇ ಎಂದು ಪಾಲಿಸಿ ಓದಿ ನೋಡಿ.

ಕೂಡಿಸಿದರೆ ಮೊದಲ ವರ್ಷಕ್ಕೆ ಸುಮಾರು 1,500 ಡಾಲರ್ ಆಯಿತು, ಮರಿಯ ಬೆಲೆ ಅದರಲ್ಲಿ 80. ಚೆನ್ನಾಗಿ ನೋಡಿಕೊಂಡರೆ ಗಂಡು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬದುಕುತ್ತದೆ. ಆ ಮೊದಲ ವರ್ಷದ ಮೊತ್ತ ಕೈಯಲ್ಲಿದ್ದು, ನಂತರದ ತಿಂಗಳಿಗೆ 70 ಡಾಲರ್ ಭಾರವೆನಿಸದಿದ್ದರೆ ಧಾರಾಳವಾಗಿ ತನ್ನಿ. ಇಲ್ಲವಾದರೆ ಮಕ್ಕಳಿಗೆ ಇದೇ ಲೆಕ್ಕವನ್ನು ಕೂರಿಸಿಕೊಂಡು ತೋರಿಸಿ, ದುಡ್ಡು ಕೂಡುವವರೆಗೆ ಕಾಯಲು ಹೇಳಿ. ಗೂಡು ಕಟ್ಟಿ, ದೀಪ ಹಚ್ಚಿ, ಒಂದು ವಾರ ಮೀಟರ್ ಸರಿಯಾಗಿ ನಿಂತ ಮೇಲೆ ಮರಿಯನ್ನು ತನ್ನಿ.