ಫೋನಿನಲ್ಲಿ ಡಾಕ್ಟರನ್ನು ಕಂಡರೆ ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ?

ನಡೆಯುವುದಿಲ್ಲ, ತಂಗಿ. ಆಯುಷ್ಮಾನ್ ಕಾರ್ಡು ಇರುವುದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಗರ್ಭಿಣಿಯರ ತಿಂಗಳು ತಿಂಗಳ ತಪಾಸಣೆ, ಎದುರಿಗಾಗಲಿ ವಿಡಿಯೊದಲ್ಲಾಗಲಿ, ಅದರೊಳಗೆ ಬರುವುದಿಲ್ಲ. ತೊಡಕನ್ನು ಮೊದಲೇ ಹಿಡಿಯುವ ತಪಾಸಣೆಯನ್ನು ವಿಮೆ ಹೊರಗಿಟ್ಟಿರುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಆದರೂ ನೀವು ಖಾಸಗಿ ಆ್ಯಪ್‌ಗೆ ದುಡ್ಡು ಕಟ್ಟಬೇಕಿಲ್ಲ. ಸರ್ಕಾರದ ವಿಡಿಯೊ ವೈದ್ಯಸೇವೆಯಾದ ಇ-ಸಂಜೀವಿನಿಯಲ್ಲಿ ಡಾಕ್ಟರ ಸಲಹೆ ಪೂರ್ತಿ ಉಚಿತ. ಮನೆಯಿಂದಲೂ ಮಾತಾಡಬಹುದು. ನನ್ನನ್ನು ಕೇಳಿದರೆ ಊರಿನ ಉಪಕೇಂದ್ರಕ್ಕೆ ಹೋಗಿ, ಅಲ್ಲಿನ ಆರೋಗ್ಯಾಧಿಕಾರಿಯ ಮೂಲಕ ಮಾತಾಡಿ ಎನ್ನುತ್ತೇನೆ. ಅವರು ಬಿಪಿ, ತೂಕ ನೋಡಿ ಹೇಳಿದರೆ ಆ ಕಡೆಯ ಡಾಕ್ಟರಿಗೆ ಹಿಡಿದು ಮಾತಾಡಲು ಏನಾದರೂ ಇರುತ್ತದೆ. ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ.

ಫೋನಿಗೆ ಆಗದ ಕೆಲಸಗಳೂ ಇವೆ. ಹಿಮೋಗ್ಲೋಬಿನ್, ಮೂತ್ರದಲ್ಲಿ ಪ್ರೋಟೀನ್, ಸ್ಕ್ಯಾನಿಂಗ್, ಮಗುವಿನ ಬೆಳವಣಿಗೆ: ಇವಕ್ಕೆ ಹೋಗಲೇಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರಿಂದಲೇ ಉಚಿತ ತಪಾಸಣೆ ಇರುತ್ತದೆ. ನಿಮಗೀಗ ಆರು ತಿಂಗಳು, ಆ ದಿನ ತಪ್ಪಿಸಬೇಡಿ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ ಎಲ್ಲವೂ ಉಚಿತ. ಹೆರಿಗೆಗೆ ಹೋಗಿಬರುವ ವಾಹನವೂ ಅದರಲ್ಲಿದೆ. ಯಾರಾದರೂ ದುಡ್ಡು ಕೇಳಿದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ರಕ್ತಸ್ರಾವ, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ನೀರು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ವಿಡಿಯೊ ಕರೆಗೆ ಕಾಯದೆ 108ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಸರಿ, ಹೊರಡಿ.